ಕಸಿದ ಡೋಲು, ಹೊರಿಸಿದ ತಮಟೆ

ಮೊಬೈಲುಗಳಲ್ಲಿ ಹರಿದಾಡುವ ಹೊಸ ಹೊಸ ಕುಣಿತಗಳ ಬೇರು ಆಫ್ರಿಕಾದಲ್ಲಿದೆ ಎಂಬುದನ್ನು ಈಗ ಬಹಳ ಜನ ಒಪ್ಪುತ್ತಾರೆ. ಒಪ್ಪುವುದು ಸುಲಭ, ಬೇರಿಗೆ ಯಾರೂ ಕೂಲಿ ಕೊಡಬೇಕಿಲ್ಲ. 2019ರಲ್ಲಿ ಅಟ್ಲಾಂಟಾ ಕಡೆಯ 14 ವರ್ಷದ ಕಪ್ಪು ಹುಡುಗಿ ಜಲಾಯಾ ಹಾರ್ಮನ್ ಕಟ್ಟಿದ ‘ರೆನೆಗೇಡ್’ ಕುಣಿತ ಟಿಕ್‌ಟಾಕ್‌ನಲ್ಲಿ ಲೋಕವನ್ನೇ ಕುಣಿಸಿತು. ಹೆಸರು ಮಾಡಿದವರು ಬಿಳಿಯ ಹುಡುಗಿಯರು. ಅವಳ ಹೆಸರು ಎಲ್ಲರಿಗೂ ತಿಳಿದದ್ದು 2020ರ ಫೆಬ್ರವರಿಯಲ್ಲಿ.

ಈ ಕಥೆ ನಮಗೆ ಹೊಸದಲ್ಲ. ಮೈಸೂರು ದಸರಾದಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ತಮಟೆ ಬಡಿಯುತ್ತಾ ನಡೆಯುವವರಿಗೆಲ್ಲ ‘ಜಾನಪದ ಕಲಾತಂಡ’ ಎಂಬ ಒಂದೇ ಹೆಸರು. ಮದುವೆ, ಗಣಪತಿ ಮೆರವಣಿಗೆಗಳಲ್ಲಿ ಅದೇ ಏಟಿಗೆ ಎಲ್ಲ ಜಾತಿಯ ಹುಡುಗರೂ ಕುಣೀತಾರೆ, ರೀಲ್ಸ್ ಮಾಡ್ತಾರೆ. ಬಡಿದವನ ಕೇರಿ ಅದರಲ್ಲಿ ಕಾಣಿಸೋದಿಲ್ಲ.

ಹಾಗಾದರೆ ಕಪ್ಪು ಜನರಂತೆ ನಾವೂ ‘ಬೇರು ನಮ್ಮದು’ ಎಂದು ಹೆಮ್ಮೆಪಟ್ಟರೆ ಸಾಕೇ? 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ರಿಂದ ಹೆಸರು ಪಡೆಯಿತು. ಅವರಿಂದ ನಾವು ಕಲಿತದ್ದು ಬಹಳ. ಆದರೆ ಇಲ್ಲೊಂದು ವ್ಯತ್ಯಾಸವನ್ನು ನಾನು ಮುಖ್ಯವೆಂದು ತಿಳಿಯುತ್ತೇನೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ಬಳಿ ಗುಲಾಮರು ಡೋಲು ಬಾರಿಸುತ್ತಾ ದಂಗೆಯೆದ್ದರು. ಮರುವರ್ಷದ ಕಾನೂನು ಡೋಲನ್ನೇ ನಿಷೇಧಿಸಿತು. ಅಂಗೈ, ತೊಡೆ, ಎದೆ, ಪಾದಗಳೇ ಡೋಲಾದವು. ‘ಜೂಬಾ’ ಎಂಬ ಆ ಕುಣಿತದ ಲಯ ಮುಂದೆ ಅಮೆರಿಕದ ಟ್ಯಾಪ್ ನೃತ್ಯದಲ್ಲಿ ಸೇರಿಕೊಂಡಿತು.

ನಮ್ಮಲ್ಲಿ ಇದು ಉಲ್ಟಾ. ಊರಗೌಡನಿಗೆ ತಮಟೆಯ ಭಯವಿರಲಿಲ್ಲ, ತಮಟೆ ಬೇಕಿತ್ತು. ಸಾವಿಗೆ, ಮಾರಿಹಬ್ಬಕ್ಕೆ, ಊರಿಗೆ ಸುದ್ದಿ ಸಾರಲಿಕ್ಕೆ ಅದನ್ನು ಹೊಲೆಯ ಮಾದಿಗರ ಕೊರಳಿಗೆ ಬಿಟ್ಟಿಚಾಕರಿಯಾಗಿ ನೇತುಹಾಕಿದರು. ಅವರಿಂದ ಕಸಿದರು, ನಮಗೆ ಹೊರಿಸಿದರು. ಅಲ್ಲಿ ಬಾರಿಸುವುದು ಬಂಡಾಯವಾದರೆ, ಇಲ್ಲಿ ‘ಬಾರಿಸಲ್ಲ ಹೋಗ್ರಯ್ಯ’ ಅಂತ ಕೆಳಗಿಟ್ಟದ್ದೂ ಬಂಡಾಯವೇ. ಅದೇ ತಮಟೆಯನ್ನು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಾವಾಗಿಯೇ ಎತ್ತಿಕೊಂಡದ್ದೂ ಬಂಡಾಯವೇ. ಎರಡರಲ್ಲೂ ತೀರ್ಮಾನ ನಮ್ಮದಾಗಿತ್ತು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಬರಲೇಬೇಕಾದ ಗೌರವ. ಆದರೆ ಅದನ್ನು ತೋರಿಸಿ ಓದುತ್ತಿರುವ ಕೇರಿಯ ಹುಡುಗನಿಗೆ ‘ನಿಮ್ಮ ಕಲೆ ಕಣಯ್ಯ, ಬಿಡಬಾರದು’ ಅಂದರೆ, ಅದು ಹಳೇ ಚಾಕರಿಗೆ ಹೊದಿಸಿದ ಹೊಸ ಶಾಲು.

ದಲಿತ ವಿಮರ್ಶೆ ಲಯದ ಸೊಗಸನ್ನು ಹೊಗಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಬಾರಿಸಿದವನ ಹೆಸರೇನು? ಅವನ ಕೈಗೆ ಎಷ್ಟು ಬಂತು? ಬಾರಿಸೋದಿಲ್ಲ ಅಂದಿದ್ದರೆ ಊರು ಸುಮ್ಮನಿರುತ್ತಿತ್ತೇ? ಈ ಮೂರನೆಯ ಪ್ರಶ್ನೆಗೆ ‘ಹೌದು’ ಎನ್ನಬಲ್ಲ ಊರಿನಲ್ಲಿ ಮಾತ್ರ ತಮಟೆಯನ್ನು ಕಲೆ ಎಂದು ಕರೆಯಲು ನಾನು ಸಿದ್ಧ.