ಅಶ್ಲೀಲ ಮತ್ತು ಹಾಸ್ಯ: ‘ದಿ ಇನ್‌ಬಿಟ್ವೀನರ್ಸ್’

ಅಶ್ಲೀಲವು ಕಾವ್ಯದೋಷವೆಂಬುದು ನಮ್ಮ ಆಲಂಕಾರಿಕರ ಮತ. ಲಜ್ಜೆ, ಜುಗುಪ್ಸೆ, ಅಮಂಗಳ ಇವುಗಳನ್ನು ಸೂಚಿಸುವ ಮಾತುಗಳೆಂದು ಅದನ್ನು ಮೂರು ಬಗೆಯಾಗಿ ಅವರು ವಿಂಗಡಿಸಿದ್ದಾರೆ. ಆದರೆ ಇಡಿಯ ಕೃತಿಯೊಂದು ಇಂಥ ಮಾತುಗಳಿಂದಲೇ ಹೆಣೆಯಲ್ಪಟ್ಟಿದ್ದರೆ ಅದರ ಬೆಲೆಯನ್ನು ಹೇಗೆ ಕಟ್ಟಬೇಕು? ಕಿವಿ ಮುಚ್ಚಿಕೊಳ್ಳುವುದು ಸುಲಭ. ಆದರೆ ಅದು ವಿಮರ್ಶೆಯಾಗಲಾರದು. ಬ್ರಿಟನ್ನಿನ ‘ದಿ ಇನ್‌ಬಿಟ್ವೀನರ್ಸ್’ ಎಂಬ ದೂರದರ್ಶನ ಪ್ರಹಸನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಡೇಮನ್ ಬೀಸ್ಲಿ ಮತ್ತು ಇಯನ್ ಮಾರಿಸ್ ಇವರು ರಚಿಸಿದ ಈ ಕೃತಿಯು 2008ರಿಂದ 2010ರವರೆಗೆ ಇ4 ವಾಹಿನಿಯಲ್ಲಿ, ಮೂರು ಸರಣಿಗಳ 18 ಕಂತುಗಳಾಗಿ ಪ್ರಸಾರವಾಯಿತು. ತಂದೆತಾಯಿಗಳ ವಿಚ್ಛೇದನದ ತರುವಾಯ ವಿಲ್ ಮೆಕೆಂಜಿ ಎಂಬ ಹುಡುಗನು ಖಾಸಗಿ ಶಾಲೆಯನ್ನು ಬಿಟ್ಟು ರಡ್ಜ್ ಪಾರ್ಕ್ ಎಂಬ ಸಾಮಾನ್ಯ ಸರ್ಕಾರಿ ಶಾಲೆಗೆ ಬರುತ್ತಾನೆ. ಕೈಯಲ್ಲಿ ಬ್ರೀಫ್‌ಕೇಸು, ನಾಲಗೆಯಲ್ಲಿ ನಾಗರಿಕ ಭಾಷೆ. ಇವೆರಡೂ ಅಲ್ಲಿ ಅವನನ್ನು ನಗೆಪಾಟಲಿಗೆ ಈಡುಮಾಡುತ್ತವೆ. ಸೈಮನ್, ಜೇ, ನೀಲ್ ಎಂಬ ಮೂವರು ಅವನಿಗೆ ಗೆಳೆಯರಾಗುತ್ತಾರೆ. ಜನಪ್ರಿಯರೂ ಅಲ್ಲದ, ತೀರ ಬಹಿಷ್ಕೃತರೂ ಅಲ್ಲದ ಈ ನಡುವಿನವರೇ ಶೀರ್ಷಿಕೆಯು ಸೂಚಿಸುವ ಹುಡುಗರು.

ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂದು ಭರತನು ಹೇಳಿದ್ದಾನೆ. ಏಕಪಕ್ಷದ ಪ್ರೀತಿಯು ಶೃಂಗಾರವಲ್ಲ, ಶೃಂಗಾರಾಭಾಸವೆಂದು ತೋರಿಸುವಾಗ ಅಭಿನವಗುಪ್ತನು ಸೀತೆಯಲ್ಲಿ ರಾವಣನಿಗಿದ್ದ ಮೋಹವನ್ನು ಉದಾಹರಿಸುತ್ತಾನೆ. ಕಾರ್ಲಿ ಎಂಬವಳಲ್ಲಿ ಸೈಮನ್ನನಿಗಿರುವ ಅನುರಾಗವು ಈ ಜಾತಿಯದು. ಅವನು ಹೆಚ್ಚು ಹಂಬಲಿಸಿದಷ್ಟೂ ನಾವು ಹೆಚ್ಚು ನಗುತ್ತೇವೆ. ಹೀಗೆ ನೋಡಿದರೆ ಈ ಕೃತಿಯ ವಸ್ತು ಕಾಮವಲ್ಲ, ಕಾಮದ ಅಜ್ಞಾನ. ಅಶ್ಲೀಲವಾದ ಮಾತು ಆ ಅಜ್ಞಾನಕ್ಕೆ ತೊಡಿಸಿದ ಕವಚ.

ಜೇ ಇದಕ್ಕೆ ಉತ್ತಮ ನಿದರ್ಶನ. ತನ್ನ ಸಾಹಸಗಳನ್ನು ಕುರಿತು ಅವನು ಹೇಳುವುದೆಲ್ಲವೂ ಸುಳ್ಳು. ಆ ಸುಳ್ಳಿನ ಹಿಂದೆ ಪರರೆದುರಿಗೆ ಮಗನನ್ನು ಹೀಯಾಳಿಸುವ ತಂದೆಯೊಬ್ಬನಿದ್ದಾನೆ. ಎರಡನೆಯ ಸರಣಿಯಲ್ಲಿ ಕ್ಲೋಯಿ ಎಂಬ ಹುಡುಗಿಯು ಜೇಯನ್ನು ನಿಜವಾಗಿಯೇ ಮೆಚ್ಚುತ್ತಾಳೆ. ಆಗ ಅವನ ಬಡಾಯಿ ಉಡುಗಿಹೋಗುತ್ತದೆ. ಸಂಶಯ ಅವನನ್ನು ತಿನ್ನತೊಡಗುತ್ತದೆ. ಕೊನೆಗೆ ಅವಳು ಅವನನ್ನು ತೊರೆಯುತ್ತಾಳೆ. ಕವಚವನ್ನು ಕಳಚಿದೊಡನೆ ಅದರೊಳಗೆ ಅಂಜುಬುರುಕನಾದ ಬಾಲಕನೊಬ್ಬನು ಕಾಣುತ್ತಾನೆ. ಅಲ್ಲಿಯವರೆಗಿನ ಹೊಲಸು ಮಾತೆಲ್ಲವೂ ಈ ಒಂದು ದರ್ಶನಕ್ಕೆ ಸಿದ್ಧತೆಯಾಗಿತ್ತೆಂದು ಆಗ ತಿಳಿಯುತ್ತದೆ.

ವಿಲ್ಲನೇ ಕಥೆಯ ನಿರೂಪಕನಾಗಿರುವುದು ಇನ್ನೊಂದು ಗುಣ. ಅವನ ನಿರೂಪಣೆ ಶಿಷ್ಟವಾದುದು. ಅದು ವರ್ಣಿಸುವ ಘಟನೆಗಳು ಅಶಿಷ್ಟವಾದುವು. ಇವೆರಡರ ವೈಷಮ್ಯದಿಂದ ಬರುವ ನಗು ಬರಿಯ ಬೈಗುಳಿನಿಂದ ಬಾರದು. ಮೇಲಾಗಿ, ಶಿಷ್ಟ ಭಾಷೆಯೂ ಒಂದು ಕವಚವೇ ಎಂಬುದು ಕ್ರಮೇಣ ಸ್ಪಷ್ಟವಾಗುತ್ತದೆ. ಗೆಳೆಯರಿಗಿಂತ ವಿಲ್ ಹೆಚ್ಚು ಬಲ್ಲವನೇನೂ ಅಲ್ಲ.

ಕೃತಿಯು ನಿರ್ದುಷ್ಟವೆಂದು ಇದರಿಂದ ಹೇಳಿದಂತಾಗುವುದಿಲ್ಲ. ಹುಡುಗಿಯರಿಗೆ ಇಲ್ಲಿ ಸ್ವಂತ ಅಂತರಂಗವು ಬಹಳ ಕಡಿಮೆ. ಹುಡುಗರ ಅಪಮಾನಕ್ಕೆ ನಿಮಿತ್ತವಾಗುವುದೇ ಬಹುಮಟ್ಟಿಗೆ ಅವರ ಕೆಲಸ. ನೀಲನ ತಂದೆಯು ಸಲಿಂಗಾನುರಾಗಿಯೆಂಬ ಕುಚೋದ್ಯವಂತೂ ಮತ್ತೆ ಮತ್ತೆ ಬರುತ್ತದೆ. ಜೇಯ ಬಡಾಯಿಗೆ ನಕ್ಕಾಗ ಪೆಟ್ಟು ಬಡಾಯಿಕೋರನಿಗೇ ತಗಲುತ್ತದೆ. ಇಲ್ಲಿ ಅದು ಏನೂ ಮಾಡದ ಮನುಷ್ಯನೊಬ್ಬನಿಗೆ ತಗಲುತ್ತದೆ. ಮೊದಲನೆಯದು ಉಚಿತ, ಎರಡನೆಯದು ಅನುಚಿತ. ಮಾತು ಎರಡು ಕಡೆಯಲ್ಲಿಯೂ ಸಮನಾಗಿ ಹೊಲಸಾಗಿರುವುದರಿಂದ ಈ ಭೇದವು ಮಾತಿನ ಭೇದವಲ್ಲವೆಂಬುದನ್ನು ಗಮನಿಸಬೇಕು.

ಆದುದರಿಂದ ಅಶ್ಲೀಲವು ಶಬ್ದದಲ್ಲಿದೆಯೇ ಎಂದು ಕೇಳುವುದಕ್ಕಿಂತ, ಅದು ಯಾರ ಬಾಯಲ್ಲಿ, ಏನನ್ನು ಬಯಲುಮಾಡುವುದಕ್ಕಾಗಿ ಬಂದಿದೆ ಎಂದು ಕೇಳುವುದು ಮೇಲು. ಔಚಿತ್ಯವೇ ರಸದ ಜೀವಿತವೆಂದ ಕ್ಷೇಮೇಂದ್ರನ ಅಳತೆಗೋಲು ಇಂಥ ಕೃತಿಗೂ ಸಲ್ಲುತ್ತದೆ. ಆ ಕೋಲಿನಿಂದ ಅಳೆದಾಗ ಈ ಪ್ರಹಸನವು ಹಲವೆಡೆ ಎಡವಿದರೂ, ಹದಿಹರೆಯದ ಭಯವನ್ನು ಅದು ಪ್ರಾಮಾಣಿಕವಾಗಿ ಕಂಡಿದೆಯೆಂದು ಒಪ್ಪಬೇಕಾಗುತ್ತದೆ.