ಬಿಡಿಹಾಳೆಯ ಸಂಗ್ರಹ ಮತ್ತು ಗ್ರಂಥದ ಸಾಕ್ಷ್ಯ

ವಿರಳ ಗ್ರಂಥಗಳ ಸಂಗ್ರಹವನ್ನೂ ಮಿತಸಂಖ್ಯೆಯ ಮುದ್ರಿತ ಚಿತ್ರಗಳ ಸಂಗ್ರಹವನ್ನೂ ಒಂದೇ ಅಭಿರುಚಿಯ ಎರಡು ಮುಖಗಳೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇದು ಅರ್ಧಸತ್ಯ. ಮುದ್ರಿತ ಚಿತ್ರವು ಬಿಡಿಹಾಳೆಯಾಗಿಯೇ ಪೂರ್ಣವಾದ ಕೃತಿ. ಗ್ರಂಥವಾದರೋ ಹಾಳೆಗಳ ಅನುಕ್ರಮದಿಂದ ಮಾತ್ರ ಗ್ರಂಥವೆನಿಸುತ್ತದೆ. ಮೊದಲನೆಯದರ ಅಳತೆಗೋಲನ್ನು ಎರಡನೆಯದಕ್ಕೆ ಹಿಡಿದುದರಿಂದ ಆಗಿರುವ ಹಾನಿಯನ್ನು ಹಸ್ತಪ್ರತಿಗಳ ಅಭ್ಯಾಸಿಗಳು ಉಪೇಕ್ಷಿಸುವಂತಿಲ್ಲ.

ಮುದ್ರಿತ ಚಿತ್ರದ ಮಿತಿಯು ಮೂಲತಃ ಲೋಹದ ಮಿತಿ. ತಾಮ್ರಫಲಕದ ಮೇಲೆ ಸೂಜಿಯಿಂದ ನೇರವಾಗಿ ಗೀರಿದಾಗ ಗೀರಿನ ಅಂಚಿನಲ್ಲೇಳುವ ಸಿಬಿರು ಮಸಿಯನ್ನು ಹಿಡಿದು ಮೃದುವಾದ ಛಾಯೆಯನ್ನು ಕೊಡುತ್ತದೆ. ಕೆಲವು ಹತ್ತು ಪ್ರತಿಗಳನ್ನು ಒತ್ತುವಷ್ಟರಲ್ಲಿ ಅದು ಸವೆದುಹೋಗುತ್ತದೆ. 19ನೆಯ ಶತಮಾನದಲ್ಲಿ ತಾಮ್ರಕ್ಕೆ ಕಬ್ಬಿಣದ ತೆಳುಲೇಪ ಕೊಡುವ ವಿಧಾನ ಬಂದ ಬಳಿಕ ಈ ಸವೆತ ಬಹುಮಟ್ಟಿಗೆ ನೀಗಿತು. ಆಗ ಮಿತಿಯನ್ನು ಬೇಕೆಂದೇ ವಿಧಿಸಬೇಕಾಯಿತು. ಸಂಖ್ಯೆ ಮುಗಿದೊಡನೆ ಫಲಕಕ್ಕೆ ಅಡ್ಡಗೀಟೆಳೆದು ರದ್ದುಪಡಿಸುವುದೂ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಕ್ರಮಾಂಕ ನಮೂದಿಸುವುದೂ ರೂಢಿಗೆ ಬಂದವು. ವಿಲಿಯಂ ಮಾರಿಸ್ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ 1896ರಲ್ಲಿ ಹೊರತಂದ ಚಾಸರನ ಕೃತಿಸಂಪುಟ ಕಾಗದದ ಮೇಲೆ 425, ಚರ್ಮಪತ್ರದ ಮೇಲೆ 13 ಪ್ರತಿಗಳಿಗೆ ಸೀಮಿತವಾಯಿತು. ಅಲ್ಲಿ ವಿರಳತೆ ಪ್ರಕಾಶಕನ ಸಂಕಲ್ಪ, ಅದರಲ್ಲಿ ದೋಷವೆಣಿಸಬೇಕಾದುದಿಲ್ಲ. (ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗೆ ಈ ಸಂಕಲ್ಪ ವಿಚಿತ್ರವಾಗಿ ತೋರುತ್ತಿತ್ತು ಎಂಬುದು ಬೇರೆ ಮಾತು.)

ವಿರಳತೆಯನ್ನು ಕತ್ತರಿಯಿಂದ ಸೃಷ್ಟಿಸುವುದು ಇನ್ನೊಂದು ಬಗೆ. ಆಡುಬಾನನ ಅಮೆರಿಕದ ಪಕ್ಷಿಗಳ ಗ್ರಂಥ ಇದಕ್ಕೆ ಸ್ಪಷ್ಟ ನಿದರ್ಶನ. 1827ರಿಂದ 1838ರವರೆಗೆ ಕಂತುಕಂತಾಗಿ ಹೊರಬಂದ ಇದರಲ್ಲಿ ಕೈಯಿಂದ ಬಣ್ಣ ತುಂಬಿದ 435 ಫಲಕಗಳಿವೆ; ಹಾಳೆಯ ಎತ್ತರ ಸುಮಾರು ಒಂದು ಮೀಟರು. ಪ್ರತಿ ಕಂತಿನಲ್ಲಿ ಐದು ಹಾಳೆಗಳು: ದೊಡ್ಡ ಪಕ್ಷಿಯೊಂದು, ಮಧ್ಯಮ ಗಾತ್ರದ್ದೊಂದು, ಚಿಕ್ಕವು ಮೂರು. ಬ್ರಿಟನ್ನಿನ ಗ್ರಂಥಾಲಯಗಳಿಗೆ ಪ್ರತಿಗಳನ್ನು ಒಪ್ಪಿಸಬೇಕಾದ ಕಾನೂನಿನಿಂದ ತಪ್ಪಿಸಿಕೊಳ್ಳಲು ವಿವರಣೆಯನ್ನು ಪ್ರತ್ಯೇಕ ಐದು ಸಂಪುಟಗಳಾಗಿ ಅಚ್ಚುಮಾಡಲಾಯಿತು. ಹೀಗೆ ಪಠ್ಯದಿಂದ ಮೊದಲೇ ಬೇರ್ಪಟ್ಟ ಚಿತ್ರಗಳನ್ನು ವ್ಯಾಪಾರಿಗಳು ಮುಂದೆ ಸುಲಭವಾಗಿ ಬಿಡಿಬಿಡಿಯಾಗಿ ಮಾರಿದರು. ರಾಜಹಂಸ, ಟರ್ಕಿ ಕೋಳಿಗಳಂತಹ ದೊಡ್ಡ ಹಕ್ಕಿಗಳಿಗೆ ಗಿರಾಕಿಗಳು ಮುಗಿಬಿದ್ದರು. ಕರ್ತೃವು ಯೋಜಿಸಿದ ಅನುಕ್ರಮ ಯಾರಿಗೂ ಬೇಕಾಗಲಿಲ್ಲ. ಹೊರಬಂದ ಪೂರ್ಣ ಪ್ರತಿಗಳು ಇನ್ನೂರಕ್ಕೂ ಕಡಿಮೆ. ಉಳಿದುಬಂದವು ಸುಮಾರು 120. 2010ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಪೂರ್ಣಪ್ರತಿಯೊಂದು 73 ಲಕ್ಷ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಹೋಯಿತು. ಉಳಿದವುಗಳ ವಿರಳತೆಗೆ ನಾಶವೇ ಕಾರಣವಾಯಿತೆಂಬ ವಿಪರ್ಯಾಸ ಇಲ್ಲಿದೆ.

ಆದರೂ ಆಡುಬಾನನ ನಷ್ಟವನ್ನು ಇತರ ಪ್ರತಿಗಳಿಂದ ತುಂಬಿಕೊಳ್ಳಬಹುದು. ಹಸ್ತಪ್ರತಿಯ ವಿಷಯದಲ್ಲಿ ಆ ಅನುಕೂಲವಿಲ್ಲ. ಪಶ್ಚಿಮ ಭಾರತದ ಸಚಿತ್ರ ಕಲ್ಪಸೂತ್ರಗಳಲ್ಲಿ ಬರೆಯಿಸಿದವರು, ಬರೆದವರು, ಸಂವತ್ಸರ, ಊರು ಇವೆಲ್ಲ ತಿಳಿದುಬರುವುದು ಅಂತ್ಯದ ಪ್ರಶಸ್ತಿಯಿಂದ. ಆ ಹಾಳೆಯಲ್ಲಿ ಸಾಮಾನ್ಯವಾಗಿ ಚಿತ್ರವಿರದು. ಆದಕಾರಣ ಚಿತ್ರಪ್ರಿಯನಾದ ಸಂಗ್ರಾಹಕನಿಗೆ ಅದು ಬೇಡ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿರುವ 1439ರ ಪ್ರತಿ ಮಾಂಡುವಿನದೆಂದೂ, ಬಡೋದೆಯ ಭಾಂಡಾರದ ಸುವರ್ಣಾಕ್ಷರದ 1465ರ ಪ್ರತಿ ಜೌನಪುರದ್ದೆಂದೂ ಹೇಳಲು ಸಾಧ್ಯವಾದುದು ಪ್ರಶಸ್ತಿಗಳು ಉಳಿದುದರಿಂದಲೇ. ಇವೆರಡರ ಬಲದಿಂದ, ಈ ಶೈಲಿ ಗುಜರಾತಿಗಷ್ಟೇ ಸೀಮಿತವೆಂಬ ಅಭಿಪ್ರಾಯ ಸಡಿಲಗೊಂಡಿತು. ಜೌನಪುರದ ಪ್ರತಿಯ ನಾಲ್ಕಾರು ಹಾಳೆಗಳು ಮಾತ್ರ ಚೌಕಟ್ಟುಗಳಲ್ಲಿ ಉಳಿದಿದ್ದರೆ, ಗುಜರಾತಿನ ವಿಶಿಷ್ಟ ಮಾದರಿಗಳೆಂಬ ಚೀಟಿ ಅವುಗಳಿಗೆ ಅಂಟಿರುತ್ತಿತ್ತು. ಅಹಮದಾಬಾದಿನ ದೇವಸಾನೋ ಪಾಡೊ ಭಾಂಡಾರದ ಪ್ರಖ್ಯಾತ ಪ್ರತಿಯ ಹಾಳೆಗಳು ಅನೇಕ ಸಂಗ್ರಹಗಳಲ್ಲಿ ಚದುರಿಹೋಗಿವೆ. ಅಂಚಿನ ನರ್ತಕಿಯರನ್ನು ಎಲ್ಲರೂ ಮೆಚ್ಚುತ್ತಾರೆ. ಆ ಅಂಚು ಯಾವ ಪ್ರಸಂಗದ ಯಾವ ವಾಕ್ಯದ ಬದಿಗಿತ್ತೆಂದು ಕೇಳುವವರು ಕೆಲವರೇ.

ಮೂಡುಬಿದಿರೆಯ ಸಿದ್ಧಾಂತಬಸದಿಯ ಧವಲಾ ತಾಳೆಗರಿಗಳಲ್ಲಿಯೂ ವರ್ಣಚಿತ್ರಗಳಿವೆ. ಅಲ್ಲಿ ಓಲೆಯ ಕಟ್ಟು ಬಿಚ್ಚಿಹೋಗಲಿಲ್ಲ. ಕನ್ನಡ ಲಿಪಿಯ ಆ ಪ್ರಾಕೃತ ಪಠ್ಯಪರಂಪರೆಯಿಂದಲೇ 1939ರ ಬಳಿಕ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳು ಅಚ್ಚಾದವು. ಕಾಪಿಟ್ಟವರ ಕಟ್ಟುನಿಟ್ಟನ್ನು ವಿದ್ವಾಂಸರು ದೂರಿದ್ದುಂಟು. ಚದುರಿದ ಕಲ್ಪಸೂತ್ರಗಳನ್ನು ಕಂಡ ಮೇಲೆ ಆ ದೂರಿನ ತೀಕ್ಷ್ಣತೆ ತಗ್ಗಬೇಕು.

1972ರ ಪ್ರಾಚ್ಯವಸ್ತು ಕಾಯಿದೆ ಎಪ್ಪತ್ತೈದು ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳು ಖಾಸಗಿಯಾಗಿ ದೇಶ ಬಿಡುವುದನ್ನು ತಡೆಯುತ್ತದೆ. ಅದಕ್ಕೆ ಮುನ್ನ ಹೊರಹೋದ ಹಾಳೆಗಳಿಗೆ ಉಳಿದಿರುವುದು ದಾಖಲೆಯ ಮಾರ್ಗವೊಂದೇ. ಈ ಪ್ರತಿಗಳಲ್ಲಿ ಪತ್ರಾಂಕವನ್ನು ಬರೆಯುವುದು ಹಾಳೆಯ ಹಿಂಬದಿಯ ಅಂಚಿನಲ್ಲಿ. ಸಂಗ್ರಹಗಳ ಸೂಚಿಗಳಾದರೋ ಚಿತ್ರವಿರುವ ಒಂದೇ ಮಗ್ಗುಲನ್ನು ಅಚ್ಚುಮಾಡಿ, ಚಿತ್ರದ ಅಳತೆಯನ್ನು ಕೊಟ್ಟು ಸುಮ್ಮನಾಗುತ್ತವೆ. ಹಿಂಬದಿಯ ಅಂಕಿಯನ್ನೂ ಮೊದಲ ಮತ್ತು ಕೊನೆಯ ಪದಗಳನ್ನೂ ನಮೂದಿಸಿದರೆ ಒಂದೇ ಪ್ರತಿಯ ಹಾಳೆಗಳನ್ನು ಕಾಗದದ ಮೇಲಾದರೂ ಮರಳಿ ಜೋಡಿಸಬಹುದು. ಅದಕ್ಕೆ ಮೊದಲು ಚೌಕಟ್ಟಿನ ಹಿಂದಿನ ರಟ್ಟನ್ನು ಬಿಚ್ಚಬೇಕಾಗುತ್ತದೆ.