ಪಟದ ಹಿಂಬದಿ

ಹಳೇ ಪಟ ಕೈಗೆ ಬಂದರೆ ನಾನು ಮೊದಲು ಮುಖ ನೋಡುವುದಿಲ್ಲ, ತಿರುವಿ ಹಿಂಬದಿ ನೋಡುತ್ತೇನೆ. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಗೀಚಿದ ಅಂಕಿ, ಅಂಟಿನ ಕಲೆ ಎಲ್ಲ ಇರುವುದು ಅಲ್ಲಿ. ಈ ಅಭ್ಯಾಸ ಕಲಿಸಿದ್ದು ನನ್ನದೇ ಒಂದು ತಪ್ಪು. ಬಹಳ ವರ್ಷಗಳ ಹಿಂದೆ ನೆಂಟರ ಮನೆಯಲ್ಲಿ ಕಟ್ಟು ಹಾಕಿಸಿದ್ದ ಪಟವೊಂದನ್ನು ಸ್ವಚ್ಛ ಮಾಡಿಕೊಡುತ್ತೇನೆಂದು ರಟ್ಟಿನಿಂದ ಎಳೆದೆ. ಕಾಗದದ ಒಂದು ಪದರ ರಟ್ಟಿಗೇ ಅಂಟಿಕೊಂಡು ಚೂರುಚೂರಾಗಿ ಕಿತ್ತು ಬಂತು. ಅದರ ಮೇಲೆ ನಾಲ್ಕು ಸಾಲು ಕೈಬರಹವಿತ್ತು. ಬರೆದವರು ಇಲ್ಲ, ಓದಿದವರೂ ಇಲ್ಲ. ನನಗೆ ಸಿಕ್ಕಿದ್ದು ಎರಡು ಅಕ್ಷರ. ಆ ನೋವು ಇನ್ನೂ ಹೋಗಿಲ್ಲ.

ಈಚೆಗೆ ಬೆಂಗಳೂರಿನ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಟ್ರಂಕಿನ ತಳದಿಂದ ಒಂದು ಪಟ ತೆಗೆದು ಕೊಟ್ಟರು. ಅಂಚೆಕಾರ್ಡಿನ ಅಳತೆ. ಖಾಕಿ ತೊಟ್ಟ ಇಬ್ಬರು, ತಲೆಗೆ ರುಮಾಲು, ಮೊಣಕಾಲಿನ ಕೆಳಗೆ ಬಿಗಿದು ಸುತ್ತಿದ ಪಟ್ಟಿ, ಹಿಂದೆ ಕಂಬ, ಬಳ್ಳಿ ಬರೆದ ಪರದೆ. ಒಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ, ಇನ್ನೊಬ್ಬರು ಅವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾರೆ.

“ಕೂತಿರೋರು ನಮ್ಮ ತಾತ. ಫ್ರಾನ್ಸಿಗೆ ಹೋಗಿ ಲಡಾಯಿ ಮಾಡಿ ಬಂದೋರು ಕಣಪ್ಪಾ” ಎಂದರು.

“ಫ್ರಾನ್ಸ್ ಅಂತ ಹೇಗೆ ಗೊತ್ತಾಯ್ತಮ್ಮಾ?”

“ಹಿಂದುಗಡೆ ಬರೆದೈತಲ್ಲ!”

ಹೌದು, ಬರೆದಿತ್ತು. ಅಚ್ಚಿನಲ್ಲಿ ಎರಡೇ ಪದ, ‘ಕಾರ್ತ್ ಪೋಸ್ತಾಲ್’. ಮನೆಯಲ್ಲಿ ಕಾಲೇಜು ಓದಿದವರು ಯಾರೋ ಇದು ಫ್ರೆಂಚ್ ಎಂದು ಓದಿ ಹೇಳಿದ್ದರಂತೆ. ಅಂದಿನಿಂದ ತಾತ ಫ್ರಾನ್ಸಿಗೆ ಹೋದವರಾದರು. ತಪ್ಪೆಂದು ಹೇಳಲು ಮನಸ್ಸು ಬರುವಂಥ ತಪ್ಪಲ್ಲ ಅದು. ಮೊದಲ ಮಹಾಯುದ್ಧಕ್ಕೆಂದು 1914ರಲ್ಲಿ ಭಾರತದ ಸೈನಿಕರು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದದ್ದು ನಿಜ, ಫ್ರಾನ್ಸಿನ ಕೆಸರಿನಲ್ಲಿ ಸತ್ತದ್ದೂ ನಿಜ. ಆದರೆ ಭೂತಕನ್ನಡಿ ಹಿಡಿದಾಗ ಆ ಇಬ್ಬರ ಸಮವಸ್ತ್ರದ ಬಿಲ್ಲೆಯ ಮೇಲೆ ಎರಡು ತಲೆಯ ಹಕ್ಕಿ ಕಾಣಿಸಿತು. ಗಂಡಭೇರುಂಡ. ಅಂದರೆ ಮೈಸೂರು ಮಹಾರಾಜರ ಪಡೆ, ಮೈಸೂರು ಲ್ಯಾನ್ಸರ್ಸ್.

ಈ ಕುದುರೆ ಸವಾರರು 1914ರ ಅಕ್ಟೋಬರಿನಲ್ಲಿ ಹೊರಟು ಹಡಗಿನಲ್ಲಿ ಹೋದದ್ದು ಈಜಿಪ್ಟಿಗೆ, ಸುಯೆಜ್ ಕಾಲುವೆ ಕಾಯಲು. ಅಲ್ಲಿಂದ ಗಾಜಾ, ಪ್ಯಾಲೆಸ್ಟೈನ್, ಕೊನೆಗೆ ಸಿರಿಯಾದ ಅಲೆಪ್ಪೊ. ಅವರ ಜೊತೆ ಹೆಸರು ಕೇಳಿಬರುವ ಜೋಧಪುರದ ಸವಾರರು ಫ್ರಾನ್ಸಿನಲ್ಲಿದ್ದು 1918ರಲ್ಲಿ ಪ್ಯಾಲೆಸ್ಟೈನಿಗೆ ಬಂದರು. ಮೈಸೂರಿನವರಿಗೆ ಆ ದಾರಿಯೇ ಬರಲಿಲ್ಲ. ಇನ್ನು ಆ ಎರಡು ಫ್ರೆಂಚ್ ಪದ? ಆ ಕಾಲದ ಈಜಿಪ್ಟಿನ ಪೇಟೆಗಳಲ್ಲಿ ವ್ಯಾಪಾರಸ್ಥರಿಗೂ ದೊಡ್ಡ ಮನೆತನಗಳಿಗೂ ಫ್ರೆಂಚ್ ರೂಢಿಯ ಭಾಷೆ. ಕೈರೋ, ಅಲೆಕ್ಸಾಂಡ್ರಿಯಾ, ಪೋರ್ಟ್ ಸೈಯದಿನ ಸ್ಟುಡಿಯೋಗಳು ಫ್ರೆಂಚ್ ಅಚ್ಚಿದ್ದ ಅಂಚೆಕಾರ್ಡಿನ ಕಾಗದದ ಮೇಲೆ ಸಿಪಾಯಿಗಳ ಪಟ ಇಳಿಸಿಕೊಡುತ್ತಿದ್ದವು. ಒಂದು ರಜೆಯ ದಿನ ಪೇಟೆಗೆ ಹೋದ ಇಬ್ಬರು ಗೆಳೆಯರು ಅಂಥದೊಂದು ಅಂಗಡಿಯ ಮೆಟ್ಟಿಲು ಹತ್ತಿರಬೇಕು.

ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಹೋಗಿ ಒಂದು ಬಿಲ್ಲೆ ತಂದರು. ರೆಕ್ಕೆ ಬಿಚ್ಚಿ ನಿಂತ ದೇವತೆಯ ಕಂಚಿನ ಪದಕ, ಯುದ್ಧ ಗೆದ್ದ ಮೇಲೆ ಕೊಟ್ಟ ವಿಕ್ಟರಿ ಮೆಡಲ್. ಇದರ ಜೊತೆ ಸಾಮಾನ್ಯವಾಗಿ ಬೆಳ್ಳಿಯ ವಾರ್ ಮೆಡಲ್ ಒಂದೂ ಬಂದಿರುತ್ತದೆ. ಕೇಳಿದೆ. “ಅದು ಅತ್ತೆ ಮದುವೇಲಿ ಕಾಲ್ಗೆಜ್ಜೆ ಆಯ್ತು” ಎಂದರು. ಎಷ್ಟು ಮನೆಗಳಲ್ಲಿ ಈ ಮಾತು ಕೇಳಿದ್ದೇನೆ! ಬೆಳ್ಳಿ ಅಕ್ಕಸಾಲಿಯ ಕುಲುಮೆಗೆ ಹೋಗುತ್ತದೆ, ಬೆಲೆಯಿಲ್ಲದ ಕಂಚು ಉಳಿಯುತ್ತದೆ. ಬೇಸರವೇನಿಲ್ಲ ನನಗೆ, ಮದುವೆ ದೊಡ್ಡದು. ಕಂಚು ಉಳಿದದ್ದೇ ಪುಣ್ಯ, ಯಾಕೆಂದರೆ ಆ ಯುದ್ಧದ ಪದಕಗಳ ಅಂಚಿನಲ್ಲಿ ಪಡೆದವನ ನಂಬರು, ಹುದ್ದೆ, ಹೆಸರು, ಪಡೆ ಕೊರೆದಿರುತ್ತಾರೆ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. ತಾತನ ಹೆಸರು ಯಾರೋ ಗುಮಾಸ್ತನ ಕೈಯಲ್ಲಿ ಸೊಟ್ಟಗಾಗಿತ್ತು, ಆದರೂ ಅವರದೇ. ಮುಂದೆ ಮೈಸೂರು ಲ್ಯಾನ್ಸರ್ಸ್.

ಪ್ಯಾಲೆಸ್ಟೈನಿನ ಹೈಫಾ ಎಂಬ ಊರಿನ ಹೆಸರನ್ನು ಅಜ್ಜಿ ಅವತ್ತೇ ಕೇಳಿದ್ದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಊರಿನ ಕಡೆ ಕುದುರೆ ಓಡಿಸಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಓರೆ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಮರುತಿಂಗಳು 26ರಂದು ಅಲೆಪ್ಪೊ ಹತ್ತಿರದ ಹರಿತಾನಿನಲ್ಲಿ ಇನ್ನೊಂದು ದಾಳಿ. ನಾಲ್ಕು ದಿನ ಕಳೆದು ತುರ್ಕಿಯ ಜೊತೆ ಯುದ್ಧವಿರಾಮ. ದೆಹಲಿಯ ತೀನ್‌ಮೂರ್ತಿಯ ಮೂರು ಕಂಚಿನ ಸೈನಿಕರು ನಿಂತಿರುವುದು ಮೈಸೂರು, ಜೋಧಪುರ, ಹೈದರಾಬಾದಿನ ಈ ಪಡೆಗಳ ನೆನಪಿಗೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸಿಗೆ ಸ್ಮಾರಕವಿದೆ.

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಹೈಫಾದ ಬೀದಿಯಲ್ಲಿ ಈಟಿ ಹಿಡಿದು ಸಾಗುವ ಭಾರತೀಯ ಸವಾರರ ಚಿತ್ರವಿದೆ. ನಾನು ಅದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಅಲ್ಲಿ ಊರಿಗೆ ಹೆಸರಿದೆ, ಸವಾರರಲ್ಲಿ ಒಬ್ಬರಿಗೂ ಇಲ್ಲ. ನಮ್ಮ ಟ್ರಂಕುಗಳಲ್ಲಿ ಮನುಷ್ಯನಿಗೆ ಹೆಸರಿದೆ, ಊರು ಮರೆತಿದೆ. ಸರ್ಕಾರ ತೆಗೆಸಿದ ಪಟವೂ ಸಿಪಾಯಿ ಕಾಸು ಕೊಟ್ಟು ತೆಗೆಸಿಕೊಂಡ ಪಟವೂ ಎದುರುಬದುರು ಕೂತಾಗ ಮಾತ್ರ ಮಾತು ಪೂರ್ತಿಯಾಗುತ್ತದೆ. ಅದಕ್ಕೇ ಮನೆಯ ಪಟಗಳ ಬಗ್ಗೆ ನಾನು ಇಷ್ಟು ಹಟ ಮಾಡುವುದು.

ಅಜ್ಜಿಯ ಮೊಮ್ಮಗ ಮೊಬೈಲಿನಲ್ಲಿ ಅದೇ ಪಟಕ್ಕೆ ಬಣ್ಣ ಹಾಕಿಸಿ ತೋರಿಸಿದ. ಪ್ರೀತಿಯಿಂದ ಮಾಡಿದ್ದು, ಆದರೂ ಬೇಡ ಎಂದೆ. ಆ ಕಾಲದ ಬಹುಪಾಲು ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಬಟ್ಟೆ ಕಪ್ಪಾಗಿ, ನೀಲಿ ಬಟ್ಟೆ ಬೆಳ್ಳಗೆ ಇಳಿಯುತ್ತಿತ್ತು. ಇದು ತಿಳಿಯದ ಯಂತ್ರ ಹಾಕುವ ಬಣ್ಣ ಬರೀ ಊಹೆ. ಮುಖ ನಯ ಮಾಡುವುದಂತೂ ಇನ್ನೂ ಕೆಟ್ಟದ್ದು, ತಾತನ ಜಾಗದಲ್ಲಿ ಯಾರೋ ಬೇರೆಯವರು ಬಂದು ಕೂರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ, ಹಿಂದು ಮುಂದು ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಬೇಡ. ಗಾಜಿಗೆ ಅಂಟಿಕೊಂಡಿದ್ದರೆ ಬಿಡಿಸಲು ಹೋಗದೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ.

ನಿಂತವರು ಯಾರು ಎಂದು ಕೊನೆಗೆ ಕೇಳಿದೆ. ತಾತ ‘ನಮ್ಮ ಜೊತೆಗಾರ’ ಎನ್ನುತ್ತಿದ್ದರಂತೆ, ಅಷ್ಟೇ. ತೋಳಿನ ಮೇಲೆ ಮೂರು ಪಟ್ಟೆ, ಅಂದರೆ ದಫೇದಾರ್. ಊರಿಗೆ ಮರಳಿದರೋ ಇಲ್ಲವೋ ಗೊತ್ತಿಲ್ಲ. ಈಜಿಪ್ಟ್, ಪ್ಯಾಲೆಸ್ಟೈನಿನಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರಿಗಾಗಿ 1926ರಲ್ಲಿ ಸುಯೆಜಿನ ಪೋರ್ಟ್ ತೌಫೀಕಿನಲ್ಲಿ ಒಂದು ಸ್ಮಾರಕ ಎದ್ದಿತ್ತು. ಮುಂದಿನ ಯುದ್ಧಗಳಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸದು ಬಂತು. ಆ ಹೆಸರುಗಳ ಪಟ್ಟಿ ಈಗ ಯಾರು ಬೇಕಾದರೂ ನೋಡಬಹುದು. ಆದರೆ ಹುಡುಕಲು ನಮ್ಮ ಕೈಯಲ್ಲಿ ಹೆಸರಿರಬೇಕಲ್ಲ.

ಅಜ್ಜಿ ಪಟವನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ, “ಇಬ್ರೂ ಒಂದೊಂದು ಇಟ್ಕೊಂಡಿರ್ತಾರೆ ಅಲ್ವೇನಪ್ಪಾ? ಅವರ ಮನೇಲಿ ನಮ್ಮ ತಾತನ್ನ ತೋರಿಸಿ, ಕೂತಿರೋರು ಯಾರೋ ಗೊತ್ತಿಲ್ಲ ಅಂತಿರ್ತಾರೆ” ಎಂದರು.